ಕೇಳದೆ ಕೊಂಡದ್ದು ನಮ್ಮದಾಗುತ್ತದಾ?

ದುಡ್ಡು ಕೊಟ್ಟಾಯಿತು, ವಸ್ತು ಮನೆಗೆ ಬಂತು, ಇನ್ನು ಅದು ನಮ್ಮದು. ನಾವೆಲ್ಲ ಹೀಗೆಯೇ ತಿಳಿದುಕೊಂಡಿದ್ದೇವೆ. ಅಂಗಡಿಯಿಂದ ತಂದ ಸಕ್ಕರೆಗೆ ಈ ಲೆಕ್ಕ ಸರಿ. ಆದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾ ಬಂದ ಹಳೆಯ ವಸ್ತುವಿಗೆ ಇಷ್ಟೇ ಸಾಕಾ? ಅದು ನಮ್ಮದು ಎನ್ನಲು ದುಡ್ಡಿನ ಜೊತೆಗೆ ಇನ್ನೇನಾದರೂ ಬೇಕಾ? ಕಾರಿಗೆ ದಾರಿ ತೋರಿಸುವ ಪೆಟ್ಟಿಗೆಯೊಂದನ್ನು, ಅಂದರೆ ಕಂಪೆನಿಯದ್ದೇ ನ್ಯಾವಿಗೇಶನ್ ಪೆಟ್ಟಿಗೆಯನ್ನು, ನಾನೇ ಕೂರಿಸಲು ಹೊರಟಾಗ ಈ ಪ್ರಶ್ನೆ ನನ್ನನ್ನು ಬಿಡದೆ ಹಿಡಿಯಿತು. ಕೆಲಸ ಮುಗಿದು ತಿಂಗಳುಗಳಾದವು. ಪ್ರಶ್ನೆ ಈಗಲೂ ಉಂಟು.

ಮೊದಲು ಕೆಲಸದ ವಿಷಯ ಹೇಳುತ್ತೇನೆ. ನನ್ನದು ಪಂಪು, ಸ್ಟಾರ್ಟರ್ ರಿಪೇರಿಯ ಕಸುಬು. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟಗಳಿಗೆ ಓಡಾಡಲು ಒಂದು ಹಳೆ ಕಾರು ಇಟ್ಟುಕೊಂಡಿದ್ದೇನೆ. ಕಾರಿನ ಕಂಪೆನಿಗಳು ಒಂದೇ ಮಾದರಿಯನ್ನು ಮೂರು ನಾಲ್ಕು ದರ್ಜೆಯಾಗಿ ಮಾರುತ್ತವೆ. ಮೇಲಿನ ದರ್ಜೆಯ ಕಾರಿಗೆ ಡ್ಯಾಶ್‌ಬೋರ್ಡಿನ ನಡುವೆ ಒಂದು ಪರದೆ, ಅದರಲ್ಲಿ ನಕ್ಷೆ. ಕೆಳಗಿನ ದರ್ಜೆಯದ್ದಕ್ಕೆ ಅದೇ ಜಾಗದಲ್ಲಿ ಬರೇ ರೇಡಿಯೋ. ಆದರೆ ಒಳಗಿನ ವಯರಿನ ಕಟ್ಟು ಎಷ್ಟೋ ಮಾದರಿಗಳಲ್ಲಿ ಎರಡಕ್ಕೂ ಒಂದೇ ಇರುತ್ತದೆ. ದರ್ಜೆಗೊಂದು ಕಟ್ಟು ಮಾಡುವುದಕ್ಕಿಂತ ಎಲ್ಲದಕ್ಕೂ ಒಂದೇ ಮಾಡುವುದು ಕಾರ್ಖಾನೆಗೆ ಅಗ್ಗ. ನನ್ನ ಕಾರಿನ ರೇಡಿಯೋ ಹೊರಗೆಳೆದು ನೋಡಿದರೆ ಹಿಂದುಗಡೆ ಎರಡು ಪ್ಲಗ್ಗುಗಳು ಯಾವುದಕ್ಕೂ ಸೇರದೆ ನೇತಾಡುತ್ತಿದ್ದವು.

‘ಫೋನು ಉಂಟಲ್ಲ ಮಾರಾಯ, ಅದರಲ್ಲೇ ನಕ್ಷೆ ಬರುತ್ತದೆ’ ಎಂದು ಎಲ್ಲರೂ ಹೇಳಿದರು. ನಿಜ, ಫೋನು ಸಾಕು. ಕಂಪೆನಿಯ ಪೆಟ್ಟಿಗೆಯಲ್ಲಿ ಒಂದು ಅನುಕೂಲ ಹೆಚ್ಚು ಉಂಟು. ಅದಕ್ಕೆ ಚಕ್ರದ ವೇಗದ ವಯರು ಸೇರಿಸಿರುತ್ತಾರೆ. ತಿರುವನ್ನು ಅಳೆಯುವ ಜೈರೋ ಎಂಬ ಸಣ್ಣ ಉಪಕರಣವೂ ಹಲವು ಪೆಟ್ಟಿಗೆಗಳ ಒಳಗಿರುತ್ತದೆ. ಸುರಂಗದಲ್ಲಿಯೋ ಘಟ್ಟದ ಸಂದಿಯಲ್ಲಿಯೋ ಆಕಾಶ ಮರೆಯಾದರೆ, ಇಷ್ಟು ದೂರ ಉರುಳಿದೆ, ಇಷ್ಟು ತಿರುಗಿದೆ ಎಂದು ಲೆಕ್ಕ ಹಾಕಿ ಅದು ಜಾಗವನ್ನು ಅಂದಾಜು ಮಾಡುತ್ತದೆ. ಇದೆಲ್ಲ ಹೇಳಲಿಕ್ಕೆ ಚೆಂದ. ಮನಸ್ಸಿನೊಳಗಿನ ಕಾರಣ ಬೇರೆ. ನೇತಾಡುವ ಪ್ಲಗ್ಗನ್ನು ಕಂಡು ಸುಮ್ಮನೆ ಕೂರುವುದು ರಿಪೇರಿಯವನ ಜಾತಕದಲ್ಲಿ ಬರೆದಿಲ್ಲ.

ಕೂರಿಸುವ ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ ಸ್ವಲ್ಪ ಹೊತ್ತು ಕಾಯಬೇಕು. ಏರ್‌ಬ್ಯಾಗಿನ ವಯರುಗಳು ಅಲ್ಲೇ ಹತ್ತಿರ ಇರುತ್ತವೆ, ಅವುಗಳೊಡನೆ ಆಟ ಕೂಡದು. ಆಮೇಲೆ ಸುತ್ತಿನ ಪ್ಲಾಸ್ಟಿಕ್ ಚೌಕಟ್ಟನ್ನು ಮುರಿಯದ ಹಾಗೆ ಎಬ್ಬಿಸಬೇಕು. ದೊಡ್ಡ ಪೆಟ್ಟಿಗೆಯ ಸಾಮಾನ್ಯ ಅಳತೆ 180 ಮಿಲಿಮೀಟರ್ ಅಗಲ, 100 ಮಿಲಿಮೀಟರ್ ಎತ್ತರ. ಯಾವಾಗಲೂ ಇರುವ ಕರೆಂಟಿನದ್ದು ಒಂದು ವಯರು, ಕೀಲಿ ತಿರುಗಿಸಿದಾಗ ಬರುವುದು ಒಂದು, ಅರ್ಥ್ ಒಂದು, ನಾಲ್ಕು ಸ್ಪೀಕರಿಗೆ ಎಂಟು. ರಿವರ್ಸಿನದ್ದು ಒಂದು, ಚಕ್ರದ ವೇಗದ್ದು ಒಂದು. ಉಪಗ್ರಹದ ಆಂಟೆನಾವನ್ನು ಗಾಜಿನ ಕೆಳಗೆ ಆಕಾಶ ಕಾಣುವಲ್ಲಿ ಇಡಬೇಕು, ತಗಡಿನ ಅಡಿಯಲ್ಲಿ ಇಟ್ಟರೆ ಪ್ರಯೋಜನ ಇಲ್ಲ. ಯಾಕೆಂದರೆ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ತಿರುಗುತ್ತಿರುತ್ತವೆ, ಅಲ್ಲಿಂದ ಬರುವ ಸಂಕೇತ ಬಹಳ ಕ್ಷೀಣ. ಕಡಿಮೆ ಪಕ್ಷ ನಾಲ್ಕು ಉಪಗ್ರಹಗಳ ಮಾತು ಕೇಳಿಸಿದರೆ ಮಾತ್ರ ಪೆಟ್ಟಿಗೆ ತನ್ನ ಜಾಗವನ್ನು ಸರಿಯಾಗಿ ಹೇಳೀತು. ಮೂರು ಸಾಲದು, ಪೆಟ್ಟಿಗೆಯ ಗಡಿಯಾರದ ತಪ್ಪನ್ನು ತಿದ್ದಿಕೊಳ್ಳಲು ನಾಲ್ಕನೆಯದ್ದು ಬೇಕು.

ಇನ್ನು ಪೆಟ್ಟಿಗೆ ಎಲ್ಲಿಂದ ತರುವುದು? ಹೊಸತಕ್ಕೆ ಕಂಪೆನಿ ಹೇಳಿದ ಬೆಲೆ ನನ್ನ ಕೈಗೆ ಎಟುಕುವ ಹಾಗಿರಲಿಲ್ಲ. ಉಳಿದದ್ದು ಹಳೆಯ ಬಿಡಿಭಾಗಗಳ ಬೀದಿ. ದೆಹಲಿಯ ಮಾಯಾಪುರಿ, ಚೆನ್ನೈಯ ಪುದುಪೇಟೆ ಇದಕ್ಕೆ ಹೆಸರಾದ ಜಾಗಗಳು. ದೊಡ್ಡ ಊರುಗಳಲ್ಲೆಲ್ಲ ಅಂಥ ಬೀದಿಗಳು ಉಂಟು. ಅಲ್ಲಿ ಸಿಗುವುದೆಲ್ಲ ಕಳವಿನ ಮಾಲು ಎಂದು ತಿಳಿಯುವುದು ಅನ್ಯಾಯ. ಅಪಘಾತದಲ್ಲಿ ನಜ್ಜುಗುಜ್ಜಾದದ್ದು, ನೆರೆನೀರಿನಲ್ಲಿ ಮುಳುಗಿದ್ದು, ವಯಸ್ಸಾಗಿ ಗುಜರಿಗೆ ಬಿದ್ದದ್ದು, ಎಲ್ಲ ವಾಹನಗಳೂ ಕೊನೆಗೆ ಅಂಥ ಕಡೆಗೇ ಬರುತ್ತವೆ. ಒಂದು ಕಾರು ಸತ್ತರೆ ಅದರ ಬಾಗಿಲು, ದೀಪ, ಕನ್ನಡಿ ಇನ್ನು ಹತ್ತು ಕಾರುಗಳನ್ನು ಬದುಕಿಸುತ್ತವೆ. ನಮ್ಮಂಥವರ ಕಸುಬು ನಡೆಯುವುದೇ ಇದರಿಂದ.

ಅಂಥ ಒಂದು ಕಡೆ ನನ್ನ ಕಾರಿಗೆ ಸರಿಯಾದ ಪೆಟ್ಟಿಗೆ ಸಿಕ್ಕಿತು. ಬೆಲೆ ಹೊಸತರ ಆರರಲ್ಲಿ ಒಂದು ಪಾಲು. ಹೊಂದಿದರೆ ಹಣ, ಇಲ್ಲದಿದ್ದರೆ ವಾಪಸು ಎಂಬ ಮಾತಿನ ಮೇಲೆ ತಂದೆ. ಪ್ಲಗ್ಗುಗಳು ಅಳತೆ ತೆಗೆದು ಮಾಡಿದ ಹಾಗೆ ಕುಳಿತವು. ಪರದೆ ಬೆಳಗಿತು. ಬೆಳಗಿ ಒಂದೇ ಮಾತು ಕೇಳಿತು: ಕೋಡ್ ಹೇಳಿ.

ಇದು ಕಳ್ಳರಿಗಾಗಿ ಇಟ್ಟ ಬೀಗ. ಕಾರಿನ ಗಾಜು ಒಡೆದು ರೇಡಿಯೋ ಕೀಳುವುದು ಹಿಂದೆ ಎಷ್ಟೋ ದೇಶಗಳಲ್ಲಿ ದೊಡ್ಡ ದಂಧೆಯಾಗಿತ್ತು. ಅದನ್ನು ನಿಲ್ಲಿಸಲು ಕಂಪೆನಿಗಳು ರೇಡಿಯೋಗಳಿಗೆ ಗುಪ್ತ ಸಂಖ್ಯೆ ಇಟ್ಟವು. ಆಮೇಲೆ ಇನ್ನೂ ಮುಂದೆ ಹೋದವು. ಔಡಿ, ಫೋಕ್ಸ್‌ವ್ಯಾಗನ್ ಗುಂಪಿನ ಹಲವು ಕಾರುಗಳಲ್ಲಿ ಪೆಟ್ಟಿಗೆಯೂ ಕಾರೂ ಒಂದನ್ನೊಂದು ಗುರುತಿಟ್ಟುಕೊಂಡಿರುತ್ತವೆ. ಬೇರೆ ಕಾರಿಗೆ ಹಾಕಿದರೆ, ಕಂಪೆನಿಯ ಕಂಪ್ಯೂಟರಿನ ಒಪ್ಪಿಗೆ ಬರುವ ತನಕ ಪೆಟ್ಟಿಗೆ ಸರಿಯಾಗಿ ಕೆಲಸ ಮಾಡದು. ಕದ್ದರೂ ಉಪಯೋಗಕ್ಕೆ ಬಾರದ ವಸ್ತುವನ್ನು ಯಾರೂ ಕದಿಯುವುದಿಲ್ಲ ಎಂಬುದು ಇದರ ಹಿಂದಿನ ಯೋಚನೆ. ಯೋಚನೆ ತಪ್ಪಲ್ಲ. ನನ್ನ ಕಾರಿನ ಗಾಜು ಇವತ್ತಿನ ವರೆಗೆ ಒಡೆಯದೆ ಉಳಿದದ್ದರಲ್ಲಿ ಇಂಥ ಬೀಗಗಳ ಪಾಲೂ ಇದ್ದೀತು.

ಮಾರಿದವನಿಗೆ ಫೋನು ಮಾಡಿದೆ. ‘ಅದು ದೊಡ್ಡ ವಿಷಯವಾ? ನಮ್ಮಲ್ಲಿ ಒಬ್ಬ ಹುಡುಗ ಇದ್ದಾನೆ, ಲ್ಯಾಪ್‌ಟಾಪ್ ಇಟ್ಟು ಹತ್ತು ನಿಮಿಷದಲ್ಲಿ ತೆಗೆದುಕೊಡುತ್ತಾನೆ’ ಎಂದ. ‘ಇದು ಯಾವ ಕಾರಿನದ್ದು? ಬಿಲ್ಲೋ ಕಾರಿನ ನಂಬರೋ ಏನಾದರೂ ಉಂಟಾ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಮತ್ತೆ, ‘ನಿಮಗೆ ಪೆಟ್ಟಿಗೆ ಬೇಕಾ, ಚರಿತ್ರೆ ಬೇಕಾ?’ ಎಂದ.

ಅವನ ಪ್ರಶ್ನೆ ಒಳ್ಳೆಯದೇ. ಅದಕ್ಕೆ ಉತ್ತರ ಹುಡುಕುವುದೇ ಈ ಬರಹದ ಕೆಲಸ.

ನಮ್ಮ ಊರಿನ ಲೆಕ್ಕಕ್ಕೆ ತಂದು ನೋಡುವ. ಅಡಿಕೆ ಅಂಗಳದಲ್ಲಿ ಒಣಗುವ ಕಾಲದಲ್ಲಿ, ತೋಟವೇ ಇಲ್ಲದ ಹುಡುಗನೊಬ್ಬ ಕತ್ತಲಾದ ಮೇಲೆ ಅರ್ಧ ಗೋಣಿ ಅಡಿಕೆ ತಂದು ಅಂಗಡಿಯ ಎದುರು ಇಳಿಸುತ್ತಾನೆ ಎಂದಿಟ್ಟುಕೊಳ್ಳಿ. ವ್ಯಾಪಾರಿ ತೂಗಿ ದುಡ್ಡು ಕೊಡುತ್ತಾನೆ, ಒಂದು ಮಾತು ಕೇಳುವುದಿಲ್ಲ. ಅಡಿಕೆ ಕದ್ದದ್ದೆಂದು ವ್ಯಾಪಾರಿಗೆ ಗೊತ್ತಿತ್ತಾ? ‘ನನಗೆ ಗೊತ್ತಿರಲಿಲ್ಲ’ ಎಂದು ಆತ ಹೇಳಬಹುದು, ಅದು ಸುಳ್ಳೂ ಅಲ್ಲ. ಆದರೆ ಗೊತ್ತಿಲ್ಲದಿರುವುದರಲ್ಲಿ ಎರಡು ಬಗೆ ಉಂಟು. ತಿಳಿಯಲು ದಾರಿಯೇ ಇಲ್ಲದೆ ಗೊತ್ತಿಲ್ಲದಿರುವುದು ಒಂದು. ಕೇಳಿದರೆ ಎಲ್ಲಿ ಗೊತ್ತಾಗಿಬಿಡುತ್ತದೋ ಎಂದು ಕೇಳದೆ ಇರುವುದು ಇನ್ನೊಂದು. ಎರಡನೆಯದ್ದು ಅಜ್ಞಾನ ಅಲ್ಲ. ಅದು ತಿಳಿವಳಿಕೆಯ ಮೇಲೆ ಗೋಣಿ ಮುಚ್ಚಿ ಇಟ್ಟದ್ದು. ತೋಟದ ಪಂಪಿನ ಕೇಬಲು ಕಡಿದು ಒಯ್ದವರು ತಾಮ್ರವನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಎಲ್ಲಿಯೋ ಒಬ್ಬ ‘ಕೇಳದೆ’ ಕೊಳ್ಳುತ್ತಾನೆ.

ಕಾನೂನು ಕೂಡ ಈ ವ್ಯತ್ಯಾಸವನ್ನು ಬಲ್ಲದು. ಹಿಂದಿನ ಭಾರತೀಯ ದಂಡ ಸಂಹಿತೆಯ 411ನೆಯ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮು, ಎರಡೂ ಕಳವಿನ ಮಾಲನ್ನು ಅಪ್ರಾಮಾಣಿಕವಾಗಿ ಇಟ್ಟುಕೊಳ್ಳುವವನ ಬಗ್ಗೆ ಹೇಳುತ್ತವೆ. ಕಳವಿನದ್ದೆಂದು ತಿಳಿದಿದ್ದವನು ಮಾತ್ರ ಅಲ್ಲ, ಹಾಗೆ ನಂಬಲು ಕಾರಣ ಇದ್ದವನೂ ಅದರೊಳಗೆ ಬರುತ್ತಾನೆ. ಈ ಮಾತನ್ನು ಬರೆದವರಿಗೆ ಮನುಷ್ಯನ ಸ್ವಭಾವ ಚೆನ್ನಾಗಿ ಗೊತ್ತಿತ್ತು.

ನಾನು ಪೆಟ್ಟಿಗೆಯನ್ನು ವಾಪಸು ಕೊಟ್ಟೆ. ನನಗೆ ಪರಿಚಯದ ಮಾಸ್ಟರೊಬ್ಬರು ಇದನ್ನು ಒಪ್ಪಲಿಲ್ಲ. ‘ನೀನು ಬಿಟ್ಟರೆ ನಾಳೆ ಇನ್ನೊಬ್ಬ ಒಯ್ಯುತ್ತಾನೆ. ಕಳೆದುಕೊಂಡವನಿಗೆ ಅದು ತಿರುಗಿ ಸಿಗುವುದಿಲ್ಲ. ನಿನ್ನ ತ್ಯಾಗದಿಂದ ಯಾರಿಗೆ ಎಂತ ಲಾಭ?’ ಎಂದು ಕೇಳಿದರು. ಆ ಪೆಟ್ಟಿಗೆಯೊಂದನ್ನೇ ನೋಡಿದರೆ ಅವರ ಮಾತು ಸರಿ. ಆದರೆ ನಾನು ಕೊಡುವ ದುಡ್ಡು ಆ ಪೆಟ್ಟಿಗೆಗೆ ಮಾತ್ರ ಹೋಗುವುದಿಲ್ಲ. ಅದು ಕಳವಿನದ್ದೇ ಆಗಿದ್ದರೆ, ನನ್ನ ದುಡ್ಡು ನಾಳೆ ಒಡೆಯುವ ಗಾಜಿಗೆ ಇವತ್ತು ಕೊಟ್ಟ ಕೂಲಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮ್ಮ ಹಿರಿಯರು ಹೇಳುವುದುಂಟು. ಸಣ್ಣದಕ್ಕೆ ಹೋದದ್ದು ದೊಡ್ಡದರಿಂದಲೂ ತಿರುಗಿ ಬರುವುದಿಲ್ಲ.

ಕಥೆ ಇಲ್ಲಿಗೆ ನಿಂತಿದ್ದರೆ ಬರೆಯುವ ಅಗತ್ಯ ಇರಲಿಲ್ಲ. ಕೇಳಿ ಕೊಳ್ಳಿ ಎಂದು ಹೇಳಿ ಮುಗಿಸಬಹುದಿತ್ತು. ಕಷ್ಟದ ಪ್ರಶ್ನೆ ಮುಂದೆ ಬಂತು.

ಕೆಲವು ತಿಂಗಳ ಮೇಲೆ, ಅಪಘಾತದಲ್ಲಿ ಪೂರ್ತಿ ಹಾಳಾದ ಅದೇ ಮಾದರಿಯ ಕಾರೊಂದು ಗುಜರಿಗೆ ಬಂದ ಸುದ್ದಿ ಸಿಕ್ಕಿತು. ವಿಮೆಯವರು ಪರಿಹಾರ ಕೊಟ್ಟು, ಅವಶೇಷವನ್ನು ಕಾಗದಪತ್ರ ಮಾಡಿ ಮಾರಿದ್ದರು. ಕಾರಿನ ಚಾಸಿ ನಂಬರು, ಮಾರಾಟದ ಪತ್ರ, ನನ್ನ ಹೆಸರಿನ ಬಿಲ್ಲು, ಎಲ್ಲವನ್ನೂ ತೆಗೆದುಕೊಂಡು ಪೆಟ್ಟಿಗೆ ತಂದೆ. ಬೆಲೆ ಮೊದಲಿನದ್ದರ ಎರಡರಷ್ಟು. ಪರದೆ ಬೆಳಗಿತು. ಅದೇ ಮಾತು: ಕೋಡ್ ಹೇಳಿ.

ಕಾಗದದ ಕಟ್ಟು ಹಿಡಿದು ಅಧಿಕೃತ ವರ್ಕ್‌ಶಾಪ್ ಒಂದಕ್ಕೆ ಹೋದೆ. ಅಲ್ಲಿದ್ದವರು ಒರಟರಲ್ಲ, ಮರ್ಯಾದೆಯಿಂದಲೇ ಕುಳ್ಳಿರಿಸಿದರು. ಆದರೆ ಕಾಗದ ಬಿಡಿಸಿ ನೋಡಲಿಲ್ಲ. ‘ಹಳೆಯ ಪೆಟ್ಟಿಗೆಗೆ ನಾವು ಮಾಡಿಕೊಡುವುದಿಲ್ಲ, ಹೊಸತು ತೆಗೆದುಕೊಳ್ಳಿ’ ಎಂದರು. ನಾನು ಕದ್ದಿಲ್ಲ ಎಂಬುದಕ್ಕೆ ನನ್ನ ಕೈಯಲ್ಲಿ ಸಾಕ್ಷಿ ಇತ್ತು. ಆದರೆ ಆ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಲೇ ಇಲ್ಲ.

ಆಗ ನನಗೆ ಒಂದು ವಿಷಯ ಹೊಳೆಯಿತು. ‘ನೀನು ಪ್ರಾಮಾಣಿಕನಾ?’ ಎಂದು ಆ ಬೀಗ ಕೇಳುವುದಿಲ್ಲ. ‘ನೀನು ನಮ್ಮಲ್ಲಿ ಕೊಂಡವನಾ?’ ಎಂದು ಕೇಳುತ್ತದೆ. ಇವು ಬೇರೆ ಬೇರೆ ಪ್ರಶ್ನೆಗಳು. ಕಳ್ಳನಿಗೂ ಕಾಗದ ಇರುವವನಿಗೂ ಒಂದೇ ಉತ್ತರ ಕೊಡುವ ಬೀಗ ಅರ್ಧ ಕಾವಲಿನದ್ದು, ಅರ್ಧ ವ್ಯಾಪಾರದ್ದು. ಮನೆಗೆ ನಾಯಿ ಸಾಕುವುದು ಕಳ್ಳರಿಗಾಗಿ. ಅದು ಯಜಮಾನನನ್ನೇ ಒಳಗೆ ಬಿಡದಿದ್ದರೆ ಒಳ್ಳೆಯ ನಾಯಿ ಎಂದು ಯಾರೂ ಹೊಗಳುವುದಿಲ್ಲ.

ಇಂಥ ಬೀಗದ ಚರಿತ್ರೆ ಜಿಪಿಎಸ್‌ನಲ್ಲಿಯೇ ಉಂಟು. ಅದು ಅಮೆರಿಕದ ಸೈನ್ಯ ತನಗಾಗಿ ಕಟ್ಟಿದ ವ್ಯವಸ್ಥೆ. 1983ರಲ್ಲಿ ಕೊರಿಯದ ಒಂದು ಪ್ರಯಾಣಿಕ ವಿಮಾನ ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ಹೋಯಿತು. ಅದನ್ನು ಹೊಡೆದುರುಳಿಸಿದರು, 269 ಮಂದಿ ಸತ್ತರು. ವ್ಯವಸ್ಥೆ ತಯಾರಾದ ಮೇಲೆ ಸಾಮಾನ್ಯರಿಗೂ ಕೊಡುತ್ತೇವೆ ಎಂದು ಅಧ್ಯಕ್ಷ ರೇಗನ್ ಅವರ ಸರಕಾರ ಆಗ ಸಾರಿತು. ಕೊಟ್ಟಿತು ಕೂಡ. ಆದರೆ ಶತ್ರುಗಳು ಉಪಯೋಗಿಸಬಾರದೆಂದು ಸಾಮಾನ್ಯರ ಸಂಕೇತದಲ್ಲಿ ಬೇಕೆಂದೇ ತಪ್ಪು ಬೆರೆಸಿದ್ದರು. ನೂರು ಮೀಟರಿನ ವರೆಗೆ ಜಾಗ ಆಚೀಚೆ ಆಗುತ್ತಿತ್ತು. ಆ ಬೀಗಕ್ಕೆ ಶತ್ರು ಯಾರು, ಕಡಲಿಗೆ ಹೋದ ಮೀನುಗಾರ ಯಾರು ಎಂದು ಗೊತ್ತಿರಲಿಲ್ಲ, ಇಬ್ಬರಿಗೂ ಒಂದೇ ತಪ್ಪು ದಾರಿ. 2000ದ ಮೇ ತಿಂಗಳಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಆದೇಶದಂತೆ ಅದನ್ನು ತೆಗೆದರು. ಇವತ್ತು ನಮ್ಮ ಆಟೋದವರ ಫೋನು ಸಹ ಸರಿಯಾದ ಓಣಿ ತೋರಿಸುವುದು ಆ ಬೀಗ ತೆಗೆದದ್ದರಿಂದ. ಇಟ್ಟವರೇ ಯೋಚಿಸಿದರೆ ಬೀಗ ತೆಗೆಯಲಿಕ್ಕೆ ಆಗುತ್ತದೆ.

ನಮ್ಮ ದೇಶದಲ್ಲಿಯೂ ಈ ವಿಷಯ ಚರ್ಚೆಗೆ ಬಂದಿದೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪೆನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೇಲೆ ದಂಡ ಹಾಕಿತು. ಬಿಡಿಭಾಗಗಳನ್ನೂ, ಕಾರಿನ ದೋಷ ಪತ್ತೆ ಮಾಡುವ ಸಾಧನಗಳನ್ನೂ ಹೊರಗಿನ ರಿಪೇರಿಯವರಿಗೆ ಸಿಗದಂತೆ ಮಾಡಿದ್ದು ಸರಿಯಲ್ಲ ಎಂಬುದು ಅದರ ಅಭಿಪ್ರಾಯ. ಕಂಪೆನಿಗಳು ಮೇಲಿನ ಕಡೆಗಳಿಗೆ ಹೋದವು, ಅದು ಬೇರೆ ಮಾತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಎಂಬ ಮಾತನ್ನು ಕೈಗೆತ್ತಿಕೊಂಡಿತು. ಅದರಲ್ಲಿ ಹೊಲದ ಯಂತ್ರಗಳು, ಫೋನು, ಮನೆಯ ಉಪಕರಣಗಳು, ವಾಹನಗಳು ಸೇರಿವೆ. ಹಕ್ಕು ಎಂಬ ದೊಡ್ಡ ಶಬ್ದ ನಮ್ಮ ಸ್ಕ್ರೂಡ್ರೈವರಿನ ತನಕ ಬಂದದ್ದು ಸಂತೋಷವೇ.

ಈಗ ನನ್ನ ಎದುರು ಉಳಿದದ್ದು ಲ್ಯಾಪ್‌ಟಾಪಿನ ಹುಡುಗ. ಹೋಗಬಹುದಾ, ಹೋಗಬಾರದಾ? ಇಲ್ಲಿ ನಿಜವಾಗಿ ತೂಗಿ ನೋಡಬೇಕಾಯಿತು. ವಸ್ತು ನನ್ನದು, ಬೀಗ ತೆಗೆಯುವುದರಿಂದ ಯಾರಿಗೂ ನಷ್ಟ ಇಲ್ಲ. ಇದು ಒಂದು ತಟ್ಟೆ. ಇನ್ನೊಂದು ತಟ್ಟೆಯಲ್ಲಿ, ಆ ಹುಡುಗನ ಹತ್ತಿರ ಕಳವಿನ ಪೆಟ್ಟಿಗೆಗಳೂ ಬರುತ್ತವೆ. ನನ್ನ ದುಡ್ಡಿನಿಂದಲೂ ಅವನ ಅಂಗಡಿ ನಡೆಯುತ್ತದೆ. ಈ ಎರಡನೆಯ ತಟ್ಟೆ ಹಗುರ ಎಂದು ನಾನು ಹೇಳುವುದಿಲ್ಲ. ಮೇಲ್ಗಡೆಯ ಬಾಗಿಲು ಮುಚ್ಚಿದವರು ಪ್ರಾಮಾಣಿಕನನ್ನೂ ಕಳ್ಳನನ್ನೂ ಒಂದೇ ಹಿಂಬಾಗಿಲಿನ ಕ್ಯೂನಲ್ಲಿ ನಿಲ್ಲಿಸುತ್ತಾರೆ. ಇದು ಬೀಗದ ಅತಿ ದೊಡ್ಡ ತಪ್ಪು.

ನಾನು ಹೋದೆ. ಹುಡುಗ ಚುರುಕಿನವ, ಕೈಕೆಲಸ ಬಲ್ಲವ. ಪೆಟ್ಟಿಗೆ ಎಲ್ಲಿಂದ ಬಂತು ಎಂದು ಅವನು ಕೇಳಲಿಲ್ಲ. ನಾನೇ ಬಿಲ್ಲು, ಚಾಸಿ ನಂಬರು, ಮಾರಾಟದ ಪತ್ರ ತೆಗೆದು ಅವನ ಮೇಜಿನ ಮೇಲೆ ಇಟ್ಟೆ. ‘ಇದು ಎಂತಕ್ಕೆ?’ ಎಂದ. ‘ನೀನು ಕೇಳಬೇಕಾದದ್ದು’ ಎಂದೆ. ನಕ್ಕ. ಮತ್ತೆ ಕಾಗದ ಎತ್ತಿ ಒಮ್ಮೆ ಓದಿದ, ಪೆಟ್ಟಿಗೆಯ ಹಿಂದಿನ ಚೀಟಿಯನ್ನೂ ನೋಡಿದ. ಅದರಿಂದ ಅವನ ಅಂಗಡಿ ಬದಲಾಯಿತು ಎಂದು ನಾನು ನಂಬುವುದಿಲ್ಲ. ಆದರೆ ಕಾಗದ ಇರುವವರೆಲ್ಲ ಕೇಳದೆಯೇ ತೋರಿಸುವ ಅಭ್ಯಾಸ ಮಾಡಿದರೆ, ಕಾಗದ ಇಲ್ಲದೆ ಬಂದವನು ಅಲ್ಲಿ ಎದ್ದು ಕಾಣುತ್ತಾನೆ. ಈಗ ಎಲ್ಲರೂ ಕಾಗದ ಇಲ್ಲದೆ ಬರುವುದರಿಂದ ಕಳ್ಳನಿಗೆ ನೆರಳು ಸಿಗುತ್ತದೆ. ಆ ನೆರಳು ಕೊಡುವವರು ನಮ್ಮಂಥ ಒಳ್ಳೆಯವರೇ.

ಬೀಗ ತೆರೆದ ಮೇಲೆ ಇನ್ನೊಂದು ಸಂಗತಿ ಆಯಿತು. ಪೆಟ್ಟಿಗೆಯೊಳಗೆ ಹಿಂದಿನ ಯಜಮಾನರು ಗುರುತು ಹಾಕಿಟ್ಟ ಜಾಗಗಳು ಹಾಗೆಯೇ ಇದ್ದವು. ಇಂಥ ಪೆಟ್ಟಿಗೆಗಳು ಹೋದ ದಾರಿಗಳನ್ನೂ ಫೋನಿನ ಹೆಸರುಗಳನ್ನೂ ನೆನಪಿಟ್ಟುಕೊಳ್ಳುತ್ತವೆ. ಪರದೆಯಲ್ಲಿ ‘ಮನೆ’ ಎಂಬ ಗುಂಡಿ ಇತ್ತು. ಒತ್ತಿದ್ದರೆ ನನಗೆ ಗೊತ್ತಿಲ್ಲದ ಯಾರದ್ದೋ ಅಂಗಳಕ್ಕೆ ದಾರಿ ತೋರಿಸುತ್ತಿತ್ತು. ಒತ್ತಲಿಲ್ಲ. ಎಲ್ಲವನ್ನೂ ಅಳಿಸಿಬಿಟ್ಟೆ. ಬಿಲ್ಲು ಪೆಟ್ಟಿಗೆಯನ್ನು ನನ್ನದು ಮಾಡಿತ್ತು, ಆ ಮನೆಯ ದಾರಿಯನ್ನು ನನ್ನದು ಮಾಡಿರಲಿಲ್ಲ. ಕಾನೂನು ಪ್ರಕಾರ ಕೊಂಡ ವಸ್ತುವಿನೊಳಗೂ ನಾವು ಕೊಳ್ಳದ ಕೆಲವು ಇರುತ್ತವೆ. ಹಳೆಯ ಫೋನು ಮಾರುವವರೂ ಕೊಳ್ಳುವವರೂ ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ನಮ್ಮ ವಾಚನಾಲಯಕ್ಕೆ ಹಳೆಯ ಪುಸ್ತಕಗಳು ಬರುವಾಗ ಒಳಗೆ ಬೇರೆ ಗ್ರಂಥಾಲಯದ ಮೊಹರು ಉಂಟಾ ಎಂದು ಮೊದಲು ಮಗುಚಿ ನೋಡುತ್ತೇವೆ. ಮೊಹರಿನ ಮೇಲೆ ‘ರದ್ದು’ ಎಂದು ಹಾಕಿದ್ದರೆ ಸಂತೋಷದಿಂದ ಕಪಾಟಿಗೆ ಇಡುತ್ತೇವೆ, ಇಲ್ಲದಿದ್ದರೆ ಆ ಗ್ರಂಥಾಲಯಕ್ಕೆ ಒಂದು ಕಾರ್ಡು ಬರೆಯುತ್ತೇವೆ. ಇದರಲ್ಲಿ ದೊಡ್ಡ ತತ್ವ ಎಂತದ್ದೂ ಇಲ್ಲ, ಮಗುಚಿ ನೋಡುವ ಅಭ್ಯಾಸ ಅಷ್ಟೇ.

ನನ್ನ ಉತ್ತರವೂ ಅಷ್ಟರದ್ದೇ. ವಸ್ತು ಕೈಗೆ ಬರಲು ದುಡ್ಡು ಸಾಕು. ಅದು ನಮ್ಮದಾಗಬೇಕಾದರೆ, ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದಾಗ ಮುಖ ಎತ್ತಿ ಹೇಳಲಿಕ್ಕೆ ಆಗಬೇಕು. ಹಾಗೆ ಹೇಳಲಿಕ್ಕೆ ಆಗುವವನಿಗೆ ಬೀಗ ತೆರೆದುಕೊಡುವುದು ಮಾಡಿದವರ ಕರ್ತವ್ಯ. ಅವರು ತೆರೆಯದಿದ್ದರೆ ತಾನೇ ತೆರೆದುಕೊಳ್ಳುವುದು ಅಪರಾಧ ಅಲ್ಲ ಎಂದು ನನ್ನ ತಿಳಿವಳಿಕೆ. ಆದರೆ ‘ನಿಮಗೆ ಪೆಟ್ಟಿಗೆ ಬೇಕಾ, ಚರಿತ್ರೆ ಬೇಕಾ?’ ಎಂದು ಯಾರಾದರೂ ಕೇಳಿದರೆ, ಎರಡೂ ಬೇಕು ಎನ್ನಬೇಕು. ಚರಿತ್ರೆ ಕೊಡಲಿಕ್ಕೆ ಆಗದವನ ಪೆಟ್ಟಿಗೆ ಅವನಲ್ಲೇ ಇರಲಿ.